ಹೆಪ್ಪು ಕೊಂದವರು ಯಾರು?

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಈಗ ನನಗೆ ಮೀಸೆ ಇಲ್ಲ ಎನ್ನುವುದು ಬೇರೆ ಮಾತು. ಅದು ಇದಕ್ಕೆ ಮುಂಚೆ ಹೇಳಿದ ಕಥೆಯ ಬಾಬ್ತು.

ಕೊಲೆ ಗೊತ್ತಾದದ್ದು ಮಧ್ಯಾಹ್ನ, ಮೊಸರಿನ ಕಾರ್ಖಾನೆಯಲ್ಲಿ. ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಆ ಹೊತ್ತಿಗೆ ಗಟ್ಟಿ ಮೊಸರಾಗಿರಬೇಕು. ಮೊದಲನೇ ಟ್ಯಾಂಕಿನ ಮುಚ್ಚಳ ತೆಗೆದು ಸೌಟು ಇಳಿಸಿದರು — ಹಾಲು! ಎರಡನೆಯದು — ಹಾಲು! ಮೂರನೆಯದಕ್ಕೆ ಸೌಟು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಇಳಿಸಿದರೂ ಅಷ್ಟೇ, ಹಾಲು.

ಸತ್ತದ್ದು ಹೆಪ್ಪು. ಹೆಪ್ಪೆಂದರೆ ಬ್ಯಾಕ್ಟೀರಿಯಾ, ಹಾಲಿಗಿಳಿದು ಹುಳಿ ಮಾಡಿ ಮೊಸರು ಕಟ್ಟುವ ಕೂಲಿಗಳು. ಕೋಟಿಗಟ್ಟಲೆ ಕೂಲಿಗಳು ಒಂದೇ ಪಾಳಿಯಲ್ಲಿ ಸತ್ತಿದ್ದರು. ಪೊಲೀಸರಿಗೆ ಫೋನ್ ಮಾಡಿದರೆ, “ಸ್ವಲ್ಪ ಬೆಚ್ಚಗಿರೋ ಕಡೆ ಇಡಿ, ಆಗುತ್ತೆ” ಎಂದು ಇಟ್ಟುಬಿಟ್ಟರಂತೆ.

ಆಮೇಲೆ ಕರೆದದ್ದು ನಮ್ಮಕ್ಕನನ್ನು. ಒಡಹುಟ್ಟಿದ ಅಕ್ಕ. ಕಾಲೇಜಿನ ಲ್ಯಾಬಿನಲ್ಲಿ, ಬ್ಯಾಕ್ಟೀರಿಯಾಗೆ ತಗಲುವ ವೈರಸ್‌ಗಳ ಹಿಂದೆ ಬಿದ್ದು ಅರ್ಧ ಆಯುಸ್ಸು ಕಳೆದವಳು. ಬ್ಯಾಕ್ಟೀರಿಯಾಗೂ ಕಾಯಿಲೆ ಬರುತ್ತದೆ ಎಂದು ನನಗೆ ತಿಳಿದದ್ದು ಅವಳಿಂದಲೇ. ತಿಳಿದ ದಿನ ಬಹಳ ಸಮಾಧಾನವಾಗಿತ್ತು. ನನ್ನ ಕೆಲಸ ಅವಳ ಐಸ್ ಪೆಟ್ಟಿಗೆ ಹೊರುವುದು, ನಡುನಡುವೆ ದಡ್ಡ ಪ್ರಶ್ನೆ ಕೇಳುವುದು.

ನಾವು ಹೋದಾಗ ಯಜಮಾನರು ಆಫೀಸಿನಲ್ಲಿ ಟಿಫಿನ್ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಭಾರಿ ಆಳು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವರು ಒಂದು ಬೆಳ್ಳಿ ಚಮಚ ಸಿಕ್ಕಿಸಿಕೊಂಡಿದ್ದರು.

“ಕಳ್ಳಿ ಸಿಕ್ಕಾಗಿದೆ ಮೇಡಂ. ನೀವು ಹೌದು ಅಂತ ಒಂದು ಮಾತು ಹೇಳಿದ್ರೆ ಸಾಕು.”

“ಯಾರು?”

“ಹೆಪ್ಪಿನಮ್ಮ. ಕೋಲ್ಡ್ ರೂಮಿನ ಬೀಗದ ಕೈ ಅವಳ ಸೊಂಟದಲ್ಲೇ ಇರೋದು. ಹೆಪ್ಪು ಬೆಳೆಸೋಳು ಅವಳು, ಹಾಕೋಳು ಅವಳು. ಕೊಂದೋಳೂ ಅವಳೇ.”

“ಯಾಕೆ ಕೊಲ್ತಾರೆ?”

“ಹೋದ ತಿಂಗಳು ರಜ ಕೇಳಿದ್ಲು. ಕೊಡ್ಲಿಲ್ಲ.”

ಪಕ್ಕದಲ್ಲಿ ಇಸ್ತ್ರಿ ಹಾಕಿದ ಮುಖದ ಒಬ್ಬ ಯುವಕ ನಿಂತಿದ್ದ. ಅಂಗಿಗೆ ಹಾಕಿದ ಇಸ್ತ್ರಿ ಮುಖದವರೆಗೂ ಹೋಗಿತ್ತು. ಮ್ಯಾನೇಜರು, ಯಜಮಾನರ ಅಳಿಯ. ಕೈಯಲ್ಲಿ ಒಂದು ಹೊಳೆಯುವ ಪ್ಯಾಕೆಟ್ಟು.

“ಅದಕ್ಕೇ ಮಾವ, ನಾನು ಬಡ್ಕೊಂಡಿದ್ದು. ಪುಡಿ ಹೆಪ್ಪು ತರಿಸೋಣ. ಹರಿ, ಸುರಿ, ಮುಗೀತು. ಯಾರ ಹಂಗೂ ಬೇಡ.”

ಅಕ್ಕ ಪ್ಯಾಕೆಟ್ಟನ್ನೂ ನೋಡಿದಳು, ಅವನನ್ನೂ ನೋಡಿದಳು. “ಹೆಪ್ಪು ಸತ್ತ ದಿನವೇ ಪ್ಯಾಕೆಟ್ ಕೈಗೆ ಬಂದಿದೆಯಲ್ಲಾ?”

“ಸ್ಯಾಂಪಲ್ಲು ಮೇಡಂ! ಮುಂಚೇನೇ ತರಿಸಿದ್ದೆ!”

“ಮುಂಚೇನೇ. ಸರಿ.”

ಅಳಿಯ ಪ್ಯಾಕೆಟ್ಟನ್ನು ಬೆನ್ನ ಹಿಂದೆ ಸರಿಸಿದ. ನನಗಂತೂ ಆಗಲೇ ಕೊಲೆಗಾರ ಸಿಕ್ಕಿದ್ದ.

“ಯಜಮಾನ್ರೇ, ಈ ಹೆಪ್ಪು ಯಾವತ್ತಾದ್ರೂ ಹೊರಗೆ ಹೋಗಿದೆಯಾ?”

“ಒಂದು ಹನಿ ಹೋಗಿಲ್ಲ! ಹೆಪ್ಪು ಹೊರಗೆ ಒಯ್ದವರಿಗೆ ಅವತ್ತೇ ಗೇಟು ತೋರಿಸ್ತೀನಿ, ಅದು ನಮ್ಮ ಮೊದಲನೇ ನಿಯಮ. ಇವಳಿಗೂ ಇವತ್ತೇ ಗೇಟು. ಹಳೇ ಹೆಪ್ಪೆಲ್ಲಾ ಚರಂಡಿಗೆ.”

“ನನ್ನ ಪರೀಕ್ಷೆ ಮುಗಿಯೋ ತನಕ ಯಾರೂ ಎಲ್ಲೂ ಹೋಗೋದು ಬೇಡ. ಹೆಪ್ಪೂ ಕೂಡ.”

ಯಜಮಾನರು ಹಲ್ಲು ಕಡಿದರು. “ಪರೀಕ್ಷೆ ಮುಗಿದ ದಿನ, ಹಾಗಾದ್ರೆ.”

ಹೆಪ್ಪಿನಮ್ಮ ಕೋಲ್ಡ್ ರೂಮಿನ ಬಾಗಿಲ ಹೊರಗೆ, ಮಗುಚಿ ಹಾಕಿದ ಹಾಲಿನ ಕ್ಯಾನಿನ ಮೇಲೆ ಕೂತಿದ್ದಳು. ಬೀಗದ ಕೈ ಕಿತ್ತುಕೊಂಡಿದ್ದರು. ಕೈ ಮಾತ್ರ ಆಗಾಗ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿತ್ತು. ಮ್ಯಾನೇಜರಿಗೆ ಹಾಲುಹಲ್ಲು ಬೀಳುವ ಮುಂಚಿನಿಂದ ಆ ಹೆಪ್ಪು ಸಾಕಿದವಳು.

“ಬೆಳಿಗ್ಗೆ ಏನೇನಾಯ್ತು, ಒಂದೂ ಬಿಡದೆ ಹೇಳಿ,” ಎಂದಳು ಅಕ್ಕ.

“ದಿನಾ ಆಗೋದೇ ಮೇಡಂ. ಹಾಲು ಕಾಯಿಸಿದ್ವಿ. ಉಗುರುಬೆಚ್ಚಗೆ ಆರಿಸಿದ್ವಿ. ಯಜಮಾನ್ರು ಬಂದು ರುಚಿ ನೋಡಿದ್ರು. ನಾನು ಹೆಪ್ಪು ಬಿಟ್ಟೆ. ಮುಚ್ಚಿದ್ವಿ.”

“ಮನೆಗೆ ಹೆಪ್ಪು ಒಯ್ತೀರಾ?”

“ದಿನಾ ಅದರ ಮುಖ ನೋಡಿ ನೋಡಿ, ಮನೇಲಿ ಮೊಸರು ಅಂದ್ರೆ ಮಾರು ದೂರ ಓಡ್ತೀನಿ.”

“ಯಾರ ಮೇಲಾದ್ರೂ ಅನುಮಾನ?”

“ನನ್ನ ಮೇಲೇ.”

“ಅಂದ್ರೆ?”

“ಎಲ್ಲಾದ್ರೂ ನಾನೇ ಎಡವಿದ್ನಾ ಅಂತ. ಬಾಟ್ಲಿ ಕುದಿಸೋದು ಮರೆತ್ನಾ? ಕೈ ಸರಿಯಾಗಿ ತೊಳೀಲಿಲ್ವಾ?” ಅವಳು ಅಂಗೈ ತಿರುಗಿಸಿ ನೋಡಿಕೊಂಡಳು. “ಕಳ್ಳಿ ಅಂದ್ರು, ಅನ್ನಲಿ. ಕಳ್ಳಿಗೂ ಎಲ್ಲೋ ಒಂದು ಕಡೆ ಕೆಲಸ ಸಿಗುತ್ತೆ. ಹೆಪ್ಪು ಕೆಡಿಸೋ ಕೈ ಅನ್ನಿಸಿಕೊಂಡ್ರೆ ಈ ಕಸುಬಲ್ಲಿ ಯಾರೂ ಬಾಗಿಲು ತೆಗೆಯಲ್ಲ ಮೇಡಂ.”

ಅಕ್ಕ ಏನೂ ಹೇಳಲಿಲ್ಲ. ಅವಳು ಸುಮ್ಮನಾದರೆ ನನಗೆ ಭಯ. ಹಿಂದೊಮ್ಮೆ ಹೀಗೆ ಸುಮ್ಮನಾದಾಗ ನಮ್ಮ ಮನೆಯ ಗೋಡೆ ಗಡಿಯಾರ ನಿಂತುಹೋಗಿತ್ತು. ಬೇಕಾದರೆ ಬಂದು ನೋಡಿ, ಇವತ್ತಿಗೂ ನಡೆಯುವುದಿಲ್ಲ.

ಹಿತ್ತಿಲಲ್ಲಿ ಹಾಲಿನ ಲಾರಿ ನಿಂತಿತ್ತು. ಅದರ ಡ್ರೈವರು ತಂದ ಹಾಲನ್ನು ಹೋದ ವಾರ ಯಜಮಾನರು ಹುಳಿಯೆಂದು ನೆಲಕ್ಕೆ ಸುರಿಸಿದ್ದರಂತೆ. ಅವನ ಹೊಟ್ಟೆಯಲ್ಲಿ ಅದು ಇನ್ನೂ ಕುದಿಯುತ್ತಿತ್ತು.

“ಕಾರ್ಖಾನೆ ಹೆಪ್ಪು ಮನೆಗೆ ಒಯ್ದಿದ್ದೀಯೇನಪ್ಪಾ?”

“ನಾನಾ? ಛೆ ಛೆ ಛೆ!”

ಒಂದು ಛೆ ಸಾಕಾಗಿತ್ತು.

“ಮನೇಲಿ ಮೊಸರು ಹೇಗೆ ಮಾಡ್ತಾರೆ?”

“ಹಾಲಿಗೆ ನಿನ್ನೆ ಮೊಸರು ಹಾಕ್ತಾರೆ.”

“ನಿನ್ನೆ ಮೊಸರು?”

“ಮೊನ್ನೆ ಮೊಸರು ಹಾಕಿದ್ದು.”

“ಎಲ್ಲಕ್ಕಿಂತ ಮೊದಲನೇ ಮೊಸರು?”

ಡ್ರೈವರು ಬಗ್ಗಿ ಲಾರಿಯ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಅಕ್ಕ ಮತ್ತೆ ಎಲ್ಲರನ್ನೂ ಆಫೀಸಿಗೆ ಕರೆದಳು. “ನಾಳೆ ಬರುವಾಗ ನಿಮ್ಮ ನಿಮ್ಮ ಮನೆ ಮೊಸರು ಒಂದೊಂದು ಬಟ್ಟಲು ತನ್ನಿ. ನನ್ನ ತಮ್ಮನ ಹೊಟ್ಟೆ ಕೆಟ್ಟಿದೆ.”

ನನ್ನ ಹೊಟ್ಟೆ ಬೀಗ ನುಂಗಿ ಬೀಗದ ಕೈ ಕೇಳುವ ಹೊಟ್ಟೆ. ಆದರೂ ಸಂಕಟದ ಮುಖ ಮಾಡಿದೆ.

“ನಾಳೆ ಯಾಕೆ? ಈಗಲೇ ತಿನ್ನಿ!” ಯಜಮಾನರು ಟಿಫಿನ್ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. “ನಮ್ಮಾಕೆ ಕೈ ಮೊಸರು. ಈಚೆಗೆ ಒಂದೆರಡು ದಿನ ನೀರು ನೀರಾಗಿತ್ತು. ನಮ್ಮಾಕೆ ಹಟ ಬಿಡ್ಲಿಲ್ಲ, ಅದನ್ನೇ ಹಾಕಿ ಹಾಕಿ ದಾರಿಗೆ ತಂದ್ಲು. ಈಗ ನೋಡಿ, ಚಮಚ ನಿಲ್ಲಿಸಿದ್ರೆ ನಿಲ್ಲುತ್ತೆ!”

ನಿಲ್ಲಿಸಿದರು. ನಿಂತಿತು. ತೆಗೆದು ನೆಕ್ಕಿ, ಕರ್ಚೀಫಿನಲ್ಲಿ ಒರೆಸಿ, ಜೇಬಿಗೆ ಸಿಕ್ಕಿಸಿಕೊಂಡರು. ನಾನು ತಿನ್ನುವುದರಲ್ಲಿ ಮಗ್ನನಾಗಿದ್ದೆ. ಅಕ್ಕ ಅರ್ಧ ಡಬ್ಬಿಯನ್ನು ನನ್ನ ಬಾಯಿಂದ ಕಸಿದು ಐಸ್ ಪೆಟ್ಟಿಗೆಗೆ ಹಾಕಿಕೊಂಡಳು.

ಲ್ಯಾಬಿನಲ್ಲಿ ಅಕ್ಕ ಮೊದಲು ಮಾಡಿದ್ದು, ಸತ್ತ ಟ್ಯಾಂಕಿನ ಹಾಲನ್ನು ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ತೂತಿನ ಜರಡಿಯಲ್ಲಿ ಸೋಸಿದ್ದು. ಕೆಳಗೆ ಇಳಿದ ತಿಳಿನೀರನ್ನು ಕೋಲ್ಡ್ ರೂಮಿನ ಹೊಸ ಹೆಪ್ಪಿನ ಮೇಲೆ ಬಿಟ್ಟಳು. ಗಾಜಿನ ತಟ್ಟೆಯಲ್ಲಿ ಹೆಪ್ಪು ಮಂಜು ಮುಸುಕಿದಂತೆ ಬೆಳೆಯಿತು. ಆ ಮಂಜಿನ ತುಂಬ ತೂತು, ತೂತು, ತೂತು.

“ಒಂದೊಂದು ತೂತೂ ಒಂದೊಂದು ಕೊಲೆ ನಡೆದ ಜಾಗ,” ಎಂದಳು. “ವೈರಸ್ಸೇ. ಅನುಮಾನ ಇಲ್ಲ. ಆದ್ರೆ ಇಷ್ಟೊಂದು ತೂತು ಇರಬಾರದು ಕಣೋ.”

“ಯಾಕೆ? ಕೊಲೆಗಾರ ಚುರುಕಾಗಿದ್ದಾನೆ ಅಷ್ಟೆ.”

“ಈ ಹೆಪ್ಪಿಗೆ ಕಾವಲು ಇದೆ. ಬ್ಯಾಕ್ಟೀರಿಯಾ ಒಳಗೆ ಕತ್ತರಿ ಹಿಡಿದ ಕಾವಲುಗಾರರು ಇರ್ತಾರೆ ಅಂದುಕೋ. ವೈರಸ್ ಏನು ಮಾಡುತ್ತೆ? ಹೊರಗೆ ಅಂಟಿಕೊಂಡು ತನ್ನ ಡಿಎನ್‌ಎ ದಾರ ಒಳಗೆ ತೂರಿಸುತ್ತೆ. ಕಾವಲುಗಾರರು ಆ ದಾರ ಹಿಡಿದು ನೋಡ್ತಾರೆ — ನಮ್ಮ ಮನೆ ಮುದ್ರೆ ಇದೆಯಾ? ಇಲ್ವಾ? ಕಚಕ್!”

“ತಮ್ಮ ಮನೆ ದಾರವನ್ನೇ ಕತ್ತರಿಸಿಬಿಟ್ರೆ?”

“ಅದಕ್ಕೆ ಮೊದಲೇ ಮುದ್ರೆ ಒತ್ತಿಟ್ಟಿರ್ತಾರೆ. ಹೊರಗಿನ ವೈರಸ್ ಸಾವಿರ ಬಂದ್ರೂ ಎಲ್ಲೋ ಒಂದು ಕಣ್ತಪ್ಪಿ ಉಳಿಯಬಹುದು. ಇಲ್ಲಿ ಬಂದಿದ್ದೆಲ್ಲಾ ಸಲೀಸಾಗಿ ಒಳಗೆ ನಡೆದುಹೋಗಿದೆ. ಯಾಕೆ?”

ನಾನು ತಲೆ ಕೆರೆದುಕೊಂಡೆ. “ಕಾವಲುಗಾರರು ನಿದ್ದೆ ಹೊಡೀತಿದ್ರಾ?”

“ಇಲ್ಲ. ಪರೀಕ್ಷೆ ಮಾಡಿದೆ. ಇದೇ ಜಾತಿ ಬ್ಯಾಕ್ಟೀರಿಯಾ, ಆದ್ರೆ ಕಾವಲಿಲ್ಲದ ತಳಿ ಒಂದಿದೆ ನನ್ನ ಹತ್ರ. ಈ ವೈರಸ್‌ನ ಅದರಲ್ಲಿ ಒಂದೇ ಒಂದು ಸುತ್ತು ಬೆಳೆಸಿ, ವಾಪಸ್ ಕಾರ್ಖಾನೆ ಹೆಪ್ಪಿಗೆ ಬಿಟ್ಟೆ. ನೋಡು.”

ಎರಡನೇ ತಟ್ಟೆ ತೋರಿಸಿದಳು. ಇಡೀ ಮಂಜಿನಲ್ಲಿ ಅಲ್ಲೊಂದು ಇಲ್ಲೊಂದು ತೂತು.

“ಅದೇ ವೈರಸ್. ಬೇರೆ ಮನೇಲಿ ಹುಟ್ಟಿ ಬಂದ ಕೂಡ್ಲೇ ಮುದ್ರೆ ಹೋಯ್ತು, ಕತ್ತರಿಗೆ ಸಿಕ್ತು. ಅಂದ್ರೆ ಟ್ಯಾಂಕಿಗೆ ಬಂದವನು ಕಾರ್ಖಾನೆ ಮುದ್ರೆ ಹೊತ್ತುಕೊಂಡೇ ಬಂದಿದ್ದ. ಅವನು ಹುಟ್ಟಿದ್ದು ಇದೇ ಹೆಪ್ಪಿನ ಹೊಟ್ಟೇಲಿ.”

“ಹಾಗಾದ್ರೆ ಕೋಲ್ಡ್ ರೂಮಲ್ಲೇ ಹುಟ್ಟಿದಾನೆ! ಹೆಪ್ಪಿನಮ್ಮನೇ!”

“ಕೋಲ್ಡ್ ರೂಮಿನ ಬಾಟ್ಲಿ ಒಂದೊಂದನ್ನೂ ನೋಡಿದೆ. ಶುದ್ಧ. ಒಂದು ವೈರಸ್ ಇಲ್ಲ.”

“ಮತ್ತೆ?”

“ಇದೇ ಹೆಪ್ಪು ಇನ್ನೆಲ್ಲೋ ಇದೆ. ಯಾರದೋ ಅಡುಗೆಮನೇಲಿ, ಯಾವುದೋ ಪಾತ್ರೇಲಿ. ಅಲ್ಲಿ ಹೊರಗಿನ ವೈರಸ್ ಒಂದು ಕಣ್ತಪ್ಪಿಸಿ ಒಳಗೆ ಉಳಿದಿದೆ, ಮುದ್ರೆ ಒತ್ತಿಸಿಕೊಂಡಿದೆ, ಮರಿ ಹಾಕಿದೆ.” ಅಕ್ಕ ಕನ್ನಡಕ ತೆಗೆದು ಒರೆಸಿದಳು. “ಎಲ್ಲರೂ ಹೆಪ್ಪು ಹೊರಗೆ ಹೋಗಿಲ್ಲ ಅಂತಾರೆ. ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ.”

ಸುಳ್ಳು ಹೇಳುವವರ ಬಗ್ಗೆ ನನಗೆ ಮೊದಲಿಂದಲೂ ತಾತ್ಸಾರ.

ಪರೀಕ್ಷೆ ಮುಗಿದ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉದ್ದನೆಯ ಮೇಜಿನ ಮೇಲೆ ಅಕ್ಕ ನಾಲ್ಕು ಗಾಜಿನ ಲೋಟ ಸಾಲಾಗಿ ಇಟ್ಟಳು. ಒಂದು ಕಡೆ ಯಜಮಾನರು, ಅಳಿಯ. ಇನ್ನೊಂದು ಕಡೆ ಡ್ರೈವರು. ಹೆಪ್ಪಿನಮ್ಮ ಬಾಗಿಲ ಬಳಿ ನಿಂತಿದ್ದಳು. ಹೆಗಲಿಗೆ ಚೀಲ ಹಾಕಿಕೊಂಡೇ ಬಂದಿದ್ದಳು. ಹೊರಗೆ ಟ್ಯಾಂಕಿನಲ್ಲಿ ಅವತ್ತಿನ ಹಾಲು ಕಾದು ಆರುತ್ತಿತ್ತು. ಅದಕ್ಕೆ ಯಾವ ಹೆಪ್ಪು ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

“ನಿನ್ನೆ ರಾತ್ರಿ ನಾಲ್ಕು ಲೋಟಕ್ಕೂ ಹಾಲು ಹಾಕಿದೆ. ಒಂದೊಂದಕ್ಕೂ ನೀವು ಒಬ್ಬೊಬ್ಬರು ಕೊಟ್ಟ ಮೊಸರು. ಹೆಪ್ಪಿನಮ್ಮನ ಮನೇಲಿ ಮೊಸರಿಲ್ಲ. ಅವರ ಲೋಟಕ್ಕೆ ಕೋಲ್ಡ್ ರೂಮಿನ ಹೆಪ್ಪು. ಆಮೇಲೆ ಎಲ್ಲಕ್ಕೂ ಒಂದೊಂದು ಹನಿ ಕೊಲೆಗಾರ ವೈರಸ್. ಈಗ ನೋಡಿ.”

ಲೋಟ ಒಂದೊಂದಾಗಿ ಓರೆ ಮಾಡಿದಳು. ಹೆಪ್ಪಿನಮ್ಮನದು — ಹಾಲು. ಡ್ರೈವರಿನದು — ಹಾಲು. ಅಳಿಯನದು — ಮೊಸರು. ಯಜಮಾನರದು — ಮೊಸರು. ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ಬೇಕಾದರೆ ಆಣೆ ಮಾಡುತ್ತೇನೆ, ಲೋಟ ತೆಗೆದ ಮೇಲೂ ಸ್ವಲ್ಪ ಹೊತ್ತು ಬೀಳಲಿಲ್ಲ.

“ಸಿಕ್ಕಿಬಿದ್ರು!” ಯಜಮಾನರು ಮೇಜು ಗುದ್ದಿದರು. “ಇವರಿಬ್ಬರದೂ ಕೆಟ್ಟಿದೆ! ಇಬ್ಬರೂ ಸೇರಿಕೊಂಡೇ ಮಾಡಿದ್ದಾರೆ!”

ಡ್ರೈವರು ಮೇಜಿನ ಕಾಲು ಹಿಡಿದುಕೊಂಡ. “ಯಜಮಾನ್ರೇ, ಒಂದು ಚೂರು ಹೆಪ್ಪು ಮನೆಗೆ ಒಯ್ದಿದ್ದು ನಿಜ! ಹೆಂಡತಿ ಬಸುರಿ, ಮೊಸರಿನ ಬಯಕೆ! ಅಷ್ಟೇ! ಆದ್ರೆ ಕೊಲೆ ಗಿಲೆ ನನಗೆ ಗೊತ್ತಿಲ್ಲ!”

“ಗೊತ್ತಿಲ್ಲ. ಅದು ನಿಜ,” ಎಂದಳು ಅಕ್ಕ. “ಅದಕ್ಕೇ ನಿನ್ನ ಹೆಪ್ಪು ಸತ್ತಿದ್ದು.”

“ಹಾಂ?” ಎಂದರು ಎಲ್ಲರೂ. ನಾನೂ.

“ಈ ವೈರಸ್‌ನ ಮುಂಚೆ ನೋಡದ ಹೆಪ್ಪು ಸಾಯುತ್ತೆ. ನೋಡಿ ಬದುಕಿದ ಹೆಪ್ಪು ಸಾಯಲ್ಲ. ಬ್ಯಾಕ್ಟೀರಿಯಾಗೆ ಎರಡನೇ ಕಾವಲು ಇದೆ. ವೈರಸ್ ದಾಳಿ ಮಾಡಿದಾಗ ಎಲ್ಲಾ ಸತ್ತು ಎಲ್ಲೋ ಕೆಲವು ಉಳಿದುಕೊಳ್ತವೆ. ಉಳಿದವು ಏನು ಮಾಡ್ತವೆ ಗೊತ್ತಾ? ಆ ವೈರಸ್ಸಿನ ಡಿಎನ್‌ಎಯ ಒಂದು ಚೂರು ಕತ್ತರಿಸಿ ತಮ್ಮ ಡಿಎನ್‌ಎ ಒಳಗೇ ಸೇರಿಸಿಕೊಳ್ತವೆ — ಸ್ಟೇಷನ್ ಗೋಡೇಲಿ ಕೇಡಿ ಫೋಟೋ ಅಂಟಿಸಿದ ಹಾಗೆ. ಮಕ್ಕಳಿಗೂ ಆ ಫೋಟೋ ಹೋಗುತ್ತೆ. ಮತ್ತೆ ಅದೇ ವೈರಸ್ ಬಂದ್ರೆ, ಮುದ್ರೆ ಇರಲಿ ಬಿಡಲಿ, ಮುಖ ನೋಡಿಯೇ ತುಂಡು ಮಾಡ್ತವೆ. ಕೊಲೆಗಾರ ಬೆಳೆದ ಪಾತ್ರೆ ಯಾವುದು? ಅವನಿಗೆ ಈಗ ಹೆದರದೇ ಇರೋ ಪಾತ್ರೆ.”

ಎಲ್ಲರ ಕಣ್ಣೂ ಗಟ್ಟಿ ಮೊಸರಿನ ಎರಡು ಲೋಟಗಳ ಕಡೆ ತಿರುಗಿದವು. ಅಳಿಯನ ಇಸ್ತ್ರಿ ಮುದುಡಿತು.

“ಮೇಡಂ... ನಂದು... ನಂದು ಆ ಹೆಪ್ಪೇ ಅಲ್ಲ!”

“ಗೊತ್ತು. ಬೇರೆ ಜಾತಿ. ಈ ವೈರಸ್ ಅದಕ್ಕೆ ಅಂಟೋದೇ ಇಲ್ಲ. ಎಲ್ಲಿಂದ ತಂದ್ರಿ?”

ಅಳಿಯ ಮಾವನ ಕಡೆ ಓರೆಗಣ್ಣು ಹಾಯಿಸಿದ. “ಅಂಗಡಿಯಿಂದ.”

“ನಮ್ಮದಾ?” ಯಜಮಾನರು ಗುಡುಗಿದರು.

“ಅಲ್ಲ ಮಾವ. ಎದುರಿನ ಕಂಪನೀದು. ನಿಮ್ಮ ಮಗಳಿಗೆ ಅದೇ ಇಷ್ಟ.”

ಕೊಲೆಗಿಂತ ಅದು ದೊಡ್ಡ ಸುದ್ದಿಯಾಯಿತು. ಯಜಮಾನರು ಇಡೀ ಮೈ ತಿರುಗಿಸಿ ಅಳಿಯನ ಕಡೆ ಕೂತರು. ಅಷ್ಟರಲ್ಲಿ ಅಕ್ಕ ಕೊನೆಯ ಲೋಟವನ್ನು ಅವರ ಮುಂದೆ ಸರಿಸಿದಳು.

“ಇದು ಉಳೀತು. ಇದರ ಡಿಎನ್‌ಎ ಓದಿಸಿದೆ. ಕೋಲ್ಡ್ ರೂಮಿನ ಹೆಪ್ಪಲ್ಲಿರೋ ಹಳೇ ಕೇಡಿಗಳ ಫೋಟೋ ಎಲ್ಲಾ ಇದರಲ್ಲೂ ಇವೆ, ಅದೇ ಸಾಲಲ್ಲಿ. ಅಂದ್ರೆ ಇದು ಕಾರ್ಖಾನೆ ಹೆಪ್ಪೇ. ಸಾಲಿನ ಮುಂದೆ ಒಂದು ಹೊಸ ಫೋಟೋ ಇದೆ. ನಿಮ್ಮ ಟ್ಯಾಂಕಲ್ಲಿ ಸಿಕ್ಕ ವೈರಸ್ಸಿಂದು.”

“ನಾನ್ಸೆನ್ಸ್! ನಾನು ಹೆಪ್ಪು ಹೊರಗೆ ಒಯ್ದಿಲ್ಲ!”

“ನಿಮ್ಮ ಮನೇಲಿ ಮೊಸರಿಗೆ ಹೆಪ್ಪು ಎಲ್ಲಿಂದ ಹೋಯ್ತು?”

“ಇಲ್ಲಿಂದಲೇ! ನನ್ನ ಕಾರ್ಖಾನೆ, ನನ್ನ ಮನೆ! ಅದು ಹೊರಗೆ ಹೇಗಾಗುತ್ತೆ?”

ಪಾಪ, ಅವರು ಸುಳ್ಳು ಹೇಳಿರಲಿಲ್ಲ. ತಮ್ಮ ಮನೆ ಗೇಟಿನ ಹೊರಗಿದೆ ಎಂಬುದು ಅವರ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ.

“ಮೊಸರು ಒಂದೆರಡು ದಿನ ನೀರಾಗಿತ್ತು ಅಂದ್ರಿ,” ಅಕ್ಕ ಮೆಲ್ಲಗೆ ಹೇಳಿದಳು. “ಕೊಲೆ ಮೊದಲು ನಡೆದಿದ್ದು ಅಲ್ಲಿ. ನಿಮ್ಮ ಮನೆಯವರು ಅದನ್ನ ಚೆಲ್ಲದೆ ಹಾಕಿ ಹಾಕಿ, ಉಳಿದ ಹೆಪ್ಪನ್ನ ಗಟ್ಟಿ ಮಾಡಿದ್ರು. ಆದ್ರೆ ಪಾತ್ರೆ ತುಂಬಾ ವೈರಸ್ಸೂ ಉಳೀತು, ಕಾರ್ಖಾನೆ ಮುದ್ರೆ ಹೊತ್ಕೊಂಡು. ನೀವು ಬೆಳಿಗ್ಗೆ ಇಲ್ಲಿ ಬಂದು ಮೊದಲು ಏನು ಮಾಡ್ತೀರಿ?”

“ತಿಂಡಿ... ಮೊಸರಲ್ಲಿ.”

“ಆಮೇಲೆ?”

ಯಜಮಾನರ ಕೈ ತಾನಾಗಿ ಜೇಬಿಗೆ ಹೋಯಿತು.

“ಆಮೇಲೆ ಅದೇ ಚಮಚ ಒರೆಸಿಕೊಂಡು, ಉಗುರುಬೆಚ್ಚಗಿನ ಟ್ಯಾಂಕಿಗೆ ಒಂದೊಂದಕ್ಕೂ ಅದ್ದಿ ರುಚಿ ನೋಡ್ತೀರಿ. ಹೆಪ್ಪಿನಮ್ಮ ಅವತ್ತೇ ಹೇಳಿದ್ರು, ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಲು ಕುದಿಸಿದ್ದು. ಬಾಟ್ಲಿ ಕುದಿಸಿದ್ದು. ಅವರ ಕೈ ತೊಳೆದಿದ್ದು. ಕುದಿಯದೆ, ತೊಳೆಯದೆ ಮೂರು ಟ್ಯಾಂಕನ್ನೂ ಮುಟ್ಟಿದ್ದು ಆ ಚಮಚ ಒಂದೇ. ಹೆಪ್ಪು ಕೊಂದವರು ನೀವು, ಯಜಮಾನ್ರೇ.”

ಬಾಗಿಲ ಬಳಿ ಹೆಪ್ಪಿನಮ್ಮ ತನ್ನ ಅಂಗೈಯನ್ನು ಇನ್ನೊಮ್ಮೆ ನೋಡಿಕೊಂಡಳು. ಈ ಸಲ ಬೇರೆ ಥರ ನೋಡಿದಳು.

ಅಕ್ಕ ಐಸ್ ಪೆಟ್ಟಿಗೆಯಿಂದ ಒಂದು ದೊಡ್ಡ ಫ್ಲಾಸ್ಕ್ ತೆಗೆದಳು. “ನಿಮ್ಮನೆ ಮೊಸರಿಂದ ಆ ಗಟ್ಟಿ ಬ್ಯಾಕ್ಟೀರಿಯಾನ ಬೇರೆ ಮಾಡಿ, ವೈರಸ್ ತೊಳೆದು, ಬೆಳೆಸಿದ್ದೀನಿ. ಈ ಕೊಲೆಗಾರ ಇವನ್ನ ಮುಟ್ಟಲ್ಲ. ಚರಂಡಿ, ಪುಡಿ ಯಾವುದೂ ಬೇಡ. ಆದ್ರೆ ಹಾಕೋಕೆ ಕೈ ಬೇಕಲ್ಲಾ. ಯಾರ ಕೈ?”

ಯಜಮಾನರು ಎದ್ದರು. ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ಬೀಗದ ಕೈಯನ್ನು ತಾವೇ ಹೋಗಿ ತಂದರು. ಹೆಪ್ಪಿನಮ್ಮನ ಮುಂದೆ ನಿಂತರು. ಅವಳು ಚೀಲ ಇಳಿಸಿದಳು, ಬೀಗದ ಕೈ ತೆಗೆದುಕೊಂಡಳು, ಸೊಂಟಕ್ಕೆ ಸಿಕ್ಕಿಸಿದಳು. ಅಕ್ಕನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದಳು.

ಯಜಮಾನರು ಅಷ್ಟು ವರ್ಷ ಅವಳನ್ನು ನೀನು ಎಂದೇ ಕರೆದವರು, ಅವತ್ತು ಮೊದಲ ಸಲ ಬೇರೆ ರೀತಿ ಶುರು ಮಾಡಿದರು.

“ನೋಡೀಮ್ಮಾ... ನಾನು ಅವತ್ತು ಎಲ್ಲರ ಮುಂದೆ ನಿಮಗೆ ಅಂದ ಮಾತಿದೆಯಲ್ಲಾ... ಅದು ಏನಾಯ್ತು ಅಂದ್ರೆ, ಯಾರೇ ಆದ್ರೂ ಆ ಜಾಗದಲ್ಲಿ ಇದ್ದಿದ್ರೆ... ಅಂದ್ರೆ ನಾನು ಹೇಳ್ತಿರೋದು, ನಂದೂ ಒಂದು ಕಡೆ ಸ್ವಲ್ಪ...”

“ಹಾಲು ಆರ್ತಾ ಇದೆ,” ಎಂದು ಹೆಪ್ಪಿನಮ್ಮ ಫ್ಲಾಸ್ಕ್ ಎದೆಗೊತ್ತಿಕೊಂಡು ಟ್ಯಾಂಕಿನ ಕಡೆ ನಡೆದುಬಿಟ್ಟಳು.

“...ಸ್ವಲ್ಪ ಅಂತಲ್ಲ, ಪೂರ್ತಿನೇ ನಂದು—”